ಯಾರೂ ಎಬ್ಬಿಸಲಾಗದ ಸೀಟು

ರಾಕ್ ಅಂಡ್ ರೋಲ್ ಅಂದರೆ ಹೊಟ್ಟೆ ತುಂಬಿದ ಹುಡುಗರ ಕುಣಿತ ಅಂತ ನಾವೂ ತಿಳಿದಿದ್ದೆವು. ಆದರೆ ಆ ಹಾಡುಗಳಲ್ಲಿರುವ ಬೆವರು ಯಾರದು ಅಂತ ಕೇಳಿದರೆ ಬೇರೆಯದೇ ಚರಿತ್ರೆ ಎದುರು ನಿಲ್ಲುತ್ತದೆ.

ಚಕ್ ಬೆರಿ 1926ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಹುಟ್ಟಿದ ಕಪ್ಪು ಮನುಷ್ಯ. ಅಪ್ಪ ಬಡಗಿ. ಈತ ಮೋಟಾರು ಕಾರ್ಖಾನೆಯಲ್ಲಿ ದುಡಿದ, ಹೆಂಗಸರ ತಲೆಗೂದಲು ಸಿಂಗರಿಸುವ ಕೆಲಸ ಕಲಿತ, ರಾತ್ರಿ ಗಿಟಾರ್ ಹಿಡಿದ. 1955ರಲ್ಲಿ ಷಿಕಾಗೋದ ಚೆಸ್ ಕಂಪನಿ ಅವನ 'ಮೇಬೆಲಿನ್' ಹಾಡನ್ನು ಹೊರತಂದಿತು. ಅದರಲ್ಲಿ ಸಾಮಾನ್ಯರ ಫೋರ್ಡ್ ಕಾರು ಸಿರಿವಂತರ ಕ್ಯಾಡಿಲಾಕನ್ನು ಅಟ್ಟಿಸಿಕೊಂಡು ಹೋಗುತ್ತದೆ, ಕೊನೆಗೆ ಹಿಡಿದೇ ಹಿಡಿಯುತ್ತದೆ. ಅದೇ ವರ್ಷ ಡಿಸೆಂಬರಿನಲ್ಲಿ ಮಾಂಟ್ಗೊಮರಿಯ ಕಪ್ಪು ಜನ ಬಸ್ಸು ಹತ್ತುವುದನ್ನೇ ಬಿಟ್ಟರು. 381 ದಿನ! ಎಷ್ಟೋ ಜನ ನಡೆದೇ ಹೋದರು. ಇನ್ನೆಷ್ಟೋ ಜನರನ್ನು ತಮ್ಮವರ ಕಾರುಗಳೇ ಕೂಲಿಗೆ ಮುಟ್ಟಿಸಿದವು. ಬಸ್ಸಿನ ಹಿಂದಿನ ಸಾಲಿಗೆ ತಳ್ಳಿಸಿಕೊಂಡವರಿಗೆ ಕಾರು ಅಂದರೆ ಬರೀ ಶೋಕಿಯಲ್ಲ. ಅದು ಯಾರೂ ಎಬ್ಬಿಸಲಾಗದ ಸೀಟು.

ಆದರೆ ಹಾಡಿನಲ್ಲಿ ಗೆದ್ದವನು ಕಾಗದದಲ್ಲಿ ಸೋತ. 'ಮೇಬೆಲಿನ್' ಬರೆದವರು ಅಂತ ಅವನ ಹೆಸರಿನ ಜತೆ ಇನ್ನಿಬ್ಬರ ಹೆಸರು ಸೇರಿದ್ದವು. ಒಬ್ಬ, ರೇಡಿಯೋದಲ್ಲಿ ಹಾಡು ಹಾಕುತ್ತಿದ್ದ ಅಲನ್ ಫ್ರೀಡ್. ಬರೆದವನು ಒಬ್ಬ, ಪಾಲು ಮೂವರಿಗೆ! ಪೂರ್ತಿ ಹಕ್ಕು ಬೆರಿಯ ಕೈಗೆ ಬಂದದ್ದು 1986ರಲ್ಲಿ, 31 ವರ್ಷದ ಮೇಲೆ.

1958ರ 'ಜಾನಿ ಬಿ. ಗುಡ್' ಕಥೆ ಇನ್ನೂ ಕಹಿ. ಗಿಟಾರ್ ಬಾರಿಸುವ ಬಡ ಹುಡುಗನನ್ನು ಬೆರಿ ಮೊದಲು ಕಪ್ಪು ಹುಡುಗ ಅಂತಲೇ ಬರೆದಿದ್ದ. ರೇಡಿಯೋದವರು ಹಾಕಲಿಕ್ಕಿಲ್ಲ ಅಂತ ಹಳ್ಳಿ ಹುಡುಗ ಎಂದು ತಿದ್ದಿದ. ಬಡತನ ಹೇಳಬಹುದಿತ್ತು, ಬಣ್ಣ ಹೇಳುವ ಹಾಗಿರಲಿಲ್ಲ.

ಅದೇ ವರ್ಷ 19ರ ಬಿಳಿ ಹುಡುಗ ಎಡ್ಡಿ ಕಾಕ್ರನ್ 'ಸಮ್ಮರ್‌ಟೈಮ್ ಬ್ಲೂಸ್' ಹಾಡಿದ. ಧಣಿ ಹೊತ್ತು ಮೀರಿ ದುಡಿಸುತ್ತಾನೆ, ಅಪ್ಪ ಕಾರು ಕೊಡೋದಿಲ್ಲ, ಓಟಿಲ್ಲದ ಹುಡುಗನಿಗೆ ಜನಪ್ರತಿನಿಧಿ ಕೈಯೆತ್ತುತ್ತಾನೆ. ದೂರು ನಿಜವೇ. ಆಗ ಅಮೆರಿಕದ ಬಹುಪಾಲು ಕಡೆ ಓಟಿಗೆ 21 ತುಂಬಬೇಕಿತ್ತು. 18ಕ್ಕೆ ಇಳಿಸಿ ಸಂವಿಧಾನ ತಿದ್ದಿದ್ದು 1971ರಲ್ಲಿ. ಆದರೂ ಆ ಹುಡುಗನಿಗೆ ಇನ್ನೆರಡು ವರ್ಷ ಕಾದರೆ ಸಾಕಿತ್ತು. ದಕ್ಷಿಣದ ಎಷ್ಟೋ ಕಪ್ಪು ಅಜ್ಜಂದಿರಿಗೆ ತಲೆ ನೆರೆತರೂ ಓಟು ದಕ್ಕಿರಲಿಲ್ಲ. ಅದಕ್ಕೆ ಬೀದಿಗಿಳಿದು ಏಟು ತಿಂದು 1965ರ ಕಾನೂನು ತರಬೇಕಾಯಿತು.

ಗೆಳೆಯರೆ, ಬಿಡುಗಡೆಯ ಹಾಡು ಕಿವಿಗೆ ಬಿದ್ದಾಗಲೆಲ್ಲ ನಾವು ಕೇಳೋಣ: ಹಾಡಿದವರು ಯಾರು? ಕಾಸು ಯಾರ ಜೇಬಿಗೆ ಹೋಯಿತು? ಅಳಿಸಿದ ಪದ ಯಾವುದು? ಆ ಪದವನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿ ಓದಿದರೇನೇ ಅದು ಚರಿತ್ರೆ.