ಪೈಪ್ ವೆಲ್ಡಿಂಗ್: ಸ್ಥಾನಗಳು ಮತ್ತು ಅಭ್ಯಾಸಕ್ರಮ

ಉಷ್ಣವಿದ್ಯುತ್ ಸ್ಥಾವರ, ತೈಲ ಶುದ್ಧೀಕರಣಾಗಾರ, ರಸಗೊಬ್ಬರ ಕಾರ್ಖಾನೆ ಮುಂತಾದೆಡೆ ಹಬೆ, ತೈಲ, ಅನಿಲಗಳನ್ನು ಅಧಿಕ ಒತ್ತಡದಲ್ಲಿ ಸಾಗಿಸುವ ಉಕ್ಕಿನ ಪೈಪುಗಳನ್ನು ತುದಿಗೆ ತುದಿ ಹೊಂದಿಸಿ ಬೆಸೆಯುವಾಗ, ಪೈಪಿನ ನಿಲುವಿನಿಂದ ನಿರ್ಧಾರವಾಗುವ ಬೆಸುಗೆಯ ದಿಕ್ಕನ್ನು ವೆಲ್ಡಿಂಗ್ ಸ್ಥಾನ ಎನ್ನುತ್ತಾರೆ. ಚಪ್ಪಟೆ ತಗಡಿನಲ್ಲಿ ಒಂದು ಜೋಡಣೆಗೆ ಸಾಮಾನ್ಯವಾಗಿ ಒಂದೇ ಸ್ಥಾನ; ಅಡ್ಡಲಾಗಿ ಬಿಗಿದ ಪೈಪಿನಲ್ಲಾದರೋ ಕೈ ನಾಲ್ಕು ಬೆರಳು ಸರಿಯುವಷ್ಟರಲ್ಲಿ ಸ್ಥಾನ ಬದಲಾಗಿರುತ್ತದೆ. ಆದ್ದರಿಂದ ಪೈಪ್ ವೆಲ್ಡಿಂಗಿನ ತರಬೇತಿಯೆಂದರೆ ಬಹುಮಟ್ಟಿಗೆ ಈ ಬದಲಾವಣೆಗೆ ಕೈಯನ್ನು ಪಳಗಿಸುವುದೇ ಆಗಿದೆ.

ಅಮೆರಿಕದ ಎಎಸ್‌ಎಂಇ ಬಾಯ್ಲರ್ ಸಂಹಿತೆಯ 9ನೆಯ ವಿಭಾಗದ ಹೆಸರುಗಳೇ ಭಾರತದ ವರ್ಕ್‌ಶಾಪುಗಳಲ್ಲೂ ಬಳಕೆಯಲ್ಲಿವೆ. ಅಡ್ಡ ಮಲಗಿದ ಪೈಪನ್ನು ಉರುಳಿಸುತ್ತ ಸದಾ ಮೇಲ್ಭಾಗದಲ್ಲೇ ಬೆಸೆಯುವುದು 1ಜಿ. ನೆಟ್ಟಗೆ ನಿಂತ ಪೈಪಿನ ಸುತ್ತ ಅಡ್ಡಲಾಗಿ ಬೆಸೆಯುವುದು 2ಜಿ. ಅಡ್ಡಲಾಗಿದ್ದು ಅಲುಗಾಡದಂತೆ ಬಿಗಿದ ಪೈಪನ್ನು ಸುತ್ತಲೂ ಬೆಸೆಯುವುದು 5ಜಿ. 45 ಡಿಗ್ರಿ ಓರೆಯಲ್ಲಿ ಬಿಗಿದ ಪೈಪಿನದು 6ಜಿ. ಜೋಡಣೆಯ ಪಕ್ಕದಲ್ಲೇ ಉಕ್ಕಿನ ಉಂಗುರವೊಂದನ್ನು ಅಡ್ಡವಿಟ್ಟು ಬೆಸುಗೆ ರಾಡಿನ ಚಲನೆಯನ್ನು ಇಕ್ಕಟ್ಟಾಗಿಸಿದರೆ ಅದು ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ ಸಂಹಿತೆಯಲ್ಲಿ 6ಜಿಆರ್ ಎನಿಸುತ್ತದೆ.

ಅಭ್ಯಾಸ 1ಜಿಯಿಂದ ಆರಂಭವಾಗುವುದು ವಾಡಿಕೆಯಾದರೂ ಅಲ್ಲಿ ಬಹುಕಾಲ ನಿಲ್ಲುವುದರಿಂದ ಹೆಚ್ಚಿನ ಲಾಭವಿಲ್ಲ, ಏಕೆಂದರೆ ಅಲ್ಲಿ ಕರಗಿದ ಲೋಹವನ್ನು ಗುರುತ್ವವೇ ಹಿಡಿದಿಡುತ್ತದೆ. 2ಜಿಯಲ್ಲಿ ಲೋಹವು ಕೆಳ ಅಂಚಿಗೆ ಜೋತುಬಿದ್ದು ಮೇಲಂಚು ಕೊರೆದುಹೋಗುವ ದೋಷ, ಅಂದರೆ ಅಂಡರ್‌ಕಟ್, ಸಾಮಾನ್ಯ; ಅದನ್ನು ತಪ್ಪಿಸಲು ರಾಡನ್ನು ಅಗಲವಾಗಿ ಆಡಿಸದೆ ಸಣ್ಣ ಸಣ್ಣ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಪೇರಿಸುತ್ತಾರೆ.

ನಿಜವಾದ ಕಸುಬು ತೆರೆದುಕೊಳ್ಳುವುದು 5ಜಿಯಲ್ಲಿ. ಪೈಪಿನ ತುದಿಗಳನ್ನು ತಲಾ ಸುಮಾರು 30ರಿಂದ 37.5 ಡಿಗ್ರಿ ಓರೆಯಾಗಿ ಕೊರೆದು, ನಡುವೆ ಸುಮಾರು 3 ಮಿ.ಮೀ. ಸಂದು ಬಿಟ್ಟು, ಟ್ಯಾಕ್ ಎಂಬ ಚಿಕ್ಕ ತಾತ್ಕಾಲಿಕ ಬೆಸುಗೆ ಹಾಕಿ ನಿಲ್ಲಿಸಿದ ಮೇಲೆ ಪೈಪಿನ ಸುತ್ತಳತೆಯನ್ನು ಗಡಿಯಾರದ ಮುಖವೆಂದು ಭಾವಿಸಲಾಗುತ್ತದೆ. ಮೇಲ್ಮುಖ ಬೆಸುಗೆಯಲ್ಲಿ 6 ಗಂಟೆಯ ಬಿಂದುವನ್ನು ತುಸು ದಾಟಿದ ಕಡೆಯಿಂದ ಹೊರಟು, ಒಂದು ಪಕ್ಕದಲ್ಲಿ 12ರವರೆಗೆ ಏರಿ, ಕೊನೆಗಳನ್ನು ಗ್ರೈಂಡರಿನಿಂದ ತೆಳುವಾಗಿ ಉಜ್ಜಿ, ಮತ್ತೆ ಕೆಳಗಿನಿಂದ ಇನ್ನೊಂದು ಪಕ್ಕವನ್ನು ಏರುತ್ತಾರೆ. ಸಂದಿನ ಎರಡು ಅಂಚುಗಳೂ ಕರಗಿದಾಗ ಆರ್ಕಿನ, ಅಂದರೆ ವಿದ್ಯುತ್ ಚಾಪದ, ಮುಂದೆ ಕೀಹೋಲ್ ಎಂಬ ಸಣ್ಣ ರಂಧ್ರ ತೆರೆದುಕೊಳ್ಳುತ್ತದೆ. ಅದು ಮುಚ್ಚಿದರೆ ಒಳಗೆ ಬೆಸುಗೆ ಹಿಡಿದಿಲ್ಲ, ಹಿಗ್ಗಿದರೆ ಪೈಪು ತೂತಾಗಲಿದೆ ಎಂದು ಅರ್ಥ. 6 ಗಂಟೆಯ ಬಳಿ, ತಲೆಯ ಮೇಲಿನ ಬೆಸುಗೆಯಲ್ಲಿ, ಲೋಹವು ಹೊರಕ್ಕೆ ಇಳಿದು ಪೈಪಿನ ಒಳಮೈ ತಗ್ಗಾಗುವುದರಿಂದ ರಾಡನ್ನು ಸಂದಿನೊಳಕ್ಕೆ ಒತ್ತಿ ಆರ್ಕನ್ನು ಆದಷ್ಟು ಗಿಡ್ಡವಾಗಿಡಬೇಕು. 3 ಗಂಟೆ ದಾಟಿದ ಮೇಲೆ ಅಷ್ಟು ಒತ್ತಿದರೆ ಒಳಗೆ ಲೋಹ ಹೆಚ್ಚಾಗಿ ಉಬ್ಬುತ್ತದೆ. ಪೈಪಿನ ಬಾಗಿಗೆ ತಕ್ಕಂತೆ ಮಣಿಕಟ್ಟು ತಿರುಗುತ್ತಲೇ ಇರಬೇಕಾದ್ದರಿಂದ, ಅನುಭವಿಗಳು ಆರ್ಕ್ ಹೊಡೆಯುವ ಮೊದಲೇ ಮೊಣಕೈಗೆ ಆಸರೆ ನೋಡಿಕೊಂಡು, ಕೇಬಲ್ ಎಳೆಯದಂತೆ ಹೆಗಲಿಗೆ ಹಾಕಿಕೊಂಡು, ಅರ್ಧ ಸುತ್ತನ್ನು ಬರಿಗೈಯಲ್ಲಿ ಆಡಿಸಿ ನೋಡುತ್ತಾರೆ. ಹೊಸಬರು ಸಾಮಾನ್ಯವಾಗಿ ಬಿಟ್ಟುಬಿಡುವುದೂ ಇದನ್ನೇ.

ರೂಟ್ ಎಂಬ ಈ ಮೊದಲ ಪದರದ ಮೇಲೆ ಹಾಟ್ ಪಾಸ್ ಎಂಬ ಎರಡನೆಯ ಪದರ, ಸಂದು ತುಂಬುವ ಫಿಲ್ಲಿಂಗ್, ಮೇಲೆ ಮುಚ್ಚುವ ಕ್ಯಾಪಿಂಗ್ ಬರುತ್ತವೆ. ದೂರದೂರಿಗೆ ಸಾಗುವ ಪೈಪ್‌ಲೈನುಗಳಲ್ಲಿ ಇ6010 ಜಾತಿಯ ಸೆಲ್ಯುಲೋಸ್ ರಾಡಿನಿಂದ ಮೇಲಿನಿಂದ ಕೆಳಕ್ಕೆ ವೇಗವಾಗಿ ಬೆಸೆಯುವ ರೂಢಿಯಿದೆ. ಸ್ಥಾವರಗಳ ದಪ್ಪ ಪೈಪುಗಳಿಗೆ ಟಿಗ್ (ಟಂಗ್‌ಸ್ಟನ್ ಇನರ್ಟ್ ಗ್ಯಾಸ್) ವಿಧಾನದಲ್ಲಿ ರೂಟ್ ಹಾಕಿ, ತೇವ ತಗಲದಂತೆ ಬಿಸಿಯಲ್ಲಿಟ್ಟ ಇ7018 ರಾಡಿನಿಂದ ಕೆಳಗಿನಿಂದ ಮೇಲಕ್ಕೆ ತುಂಬುತ್ತಾರೆ.

6ಜಿಯಲ್ಲಿ ಹಿಂದಿನ ಎಲ್ಲ ತೊಡಕುಗಳೂ ಒಂದೇ ಜೋಡಣೆಯಲ್ಲಿ ಸೇರುವುದರಿಂದ, ಅದರಲ್ಲಿ ತೇರ್ಗಡೆಯಾದವರಿಗೆ ಎಎಸ್‌ಎಂಇ ಸಂಹಿತೆಯಂತೆ ಎಲ್ಲ ಸ್ಥಾನಗಳಿಗೂ ಅರ್ಹತೆ ದೊರೆಯುತ್ತದೆ. 5ಜಿ ಒಂದೇ ಸಾಲದು, ಅದರಲ್ಲಿ 2ಜಿಯ ಅಡ್ಡ ಬೆಸುಗೆ ಬರುವುದಿಲ್ಲ. 2ಜಿ ಮತ್ತು 5ಜಿ ಎರಡನ್ನೂ ಮುಗಿಸಿದರೆ 6ಜಿಗೆ ಸಮ. ಪರೀಕ್ಷೆಯ ತುಂಡನ್ನು ಪಟ್ಟಿಗಳಾಗಿ ಕತ್ತರಿಸಿ ಬಗ್ಗಿಸಿದಾಗ 3 ಮಿ.ಮೀ.ಗಿಂತ ದೊಡ್ಡ ಬಿರುಕು ತೆರೆದುಕೊಳ್ಳಬಾರದು, ಇಲ್ಲವೇ ರೇಡಿಯೋಗ್ರಫಿಯಲ್ಲಿ ಮಿತಿ ಮೀರಿದ ದೋಷ ಕಾಣಬಾರದು. ಅರ್ಹತೆ ಪಡೆದ ವೆಲ್ಡಿಂಗ್ ವಿಧಾನದಲ್ಲಿ ಆರು ತಿಂಗಳು ಬೆಸುಗೆ ಮಾಡದಿದ್ದರೆ ಅರ್ಹತೆ ರದ್ದಾಗುತ್ತದೆ. ಭಾರತದಲ್ಲಿ ಬಾಯ್ಲರ್ ಕೆಲಸಕ್ಕೆ 1950ರ ಭಾರತೀಯ ಬಾಯ್ಲರ್ ನಿಯಮಗಳಡಿಯ ಪ್ರಮಾಣಪತ್ರ ಪ್ರತ್ಯೇಕವಾಗಿ ಬೇಕು. ರಾಯಚೂರಿನ ಉಷ್ಣಸ್ಥಾವರದಂಥ ಕಡೆ ಬಾಯ್ಲರ್ ಟ್ಯೂಬುಗಳನ್ನು ಬೆಸೆಯುವವರನ್ನು ಎಚ್‌ಪಿ ವೆಲ್ಡರ್, ಅಂದರೆ ಅಧಿಕ ಒತ್ತಡದ ಕೆಲಸದ ವೆಲ್ಡರ್, ಎಂದು ಕರೆಯುತ್ತಾರೆ.