ಕ್ಷೇತ್ರದಾಖಲೆಯ ಮೂಲಕ ವೃತ್ತಿಪರಿಚಯ: ಸಮಾಜಕಾರ್ಯ ಸ್ನಾತಕೋತ್ತರ ಪದವಿಯ ಮೊದಲ ಸೆಮಿಸ್ಟರ್ ಕುರಿತು

ಎಂ.ಎಸ್.ಡಬ್ಲ್ಯೂ. ಮೊದಲ ಸೆಮಿಸ್ಟರಿನಲ್ಲಿ ವೃತ್ತಿಯ ಪರಿಚಯ ಸಾಮಾನ್ಯವಾಗಿ ಇತಿಹಾಸದಿಂದ ಶುರುವಾಗುತ್ತದೆ. 1884ರ ಲಂಡನ್ನಿನ ಟಾಯ್ನ್‌ಬಿ ಹಾಲ್, 1889ರ ಷಿಕಾಗೋದ ಹಲ್ ಹೌಸ್, ಆಮೇಲೆ ವ್ಯಾಖ್ಯೆ, ತತ್ವ, ವಿಧಾನ. ಇವೆಲ್ಲ ಬೇಕಾದವೇ. ಆದರೆ ಈ ಕ್ರಮದಲ್ಲಿ ಕಲಿತವರಿಗೆ ಸಮಾಜಕಾರ್ಯಕರ್ತರು ದಿನವಿಡೀ ಏನು ಮಾಡುತ್ತಾರೆ ಎಂಬುದು ತಿಳಿಯುವುದು ಬಹಳ ತಡವಾಗಿ. ಕ್ಷೇತ್ರಕಾರ್ಯದ ದಾಖಲೆ ಮತ್ತು ಅದನ್ನು ಮುಂದಿಟ್ಟುಕೊಂಡು ಅಧ್ಯಾಪಕರು ನಡೆಸುವ ಚರ್ಚೆಯಿಂದಲೇ ವೃತ್ತಿಪರಿಚಯ ಆರಂಭವಾಗಬೇಕು ಎಂಬುದು ಈ ಲೇಖನದ ವಾದ.

ವೃತ್ತಿಯ ಚರಿತ್ರೆಯೂ ಈ ವಾದದ ಕಡೆಗೇ ಇದೆ. ಸಮಾಜಕಾರ್ಯವನ್ನು ವೃತ್ತಿಯೆಂದು ಕರೆಯಬಹುದೇ ಎಂದು ಅಬ್ರಹಾಂ ಫ್ಲೆಕ್ಸ್‌ನರ್ 1915ರಲ್ಲಿ ಸಂದೇಹ ಎತ್ತಿದರು. 1917ರಲ್ಲಿ ಬಂದ ಮೇರಿ ರಿಚ್ಮಂಡ್ ಅವರ ‘ಸೋಷಿಯಲ್ ಡಯಾಗ್ನೋಸಿಸ್’ ಕೃತಿಗೆ ಆಧಾರವಾದದ್ದು ಕಾರ್ಯಕರ್ತರು ಬರೆದಿಟ್ಟ ಪ್ರಕರಣ ದಾಖಲೆಗಳು. ಫ್ಲೆಕ್ಸ್‌ನರ್ ಸಂದೇಹಕ್ಕೆ ಅದಕ್ಕಿಂತ ಗಟ್ಟಿಯಾದ ಉತ್ತರ ಬೇರೆ ಸಿಗಲಿಲ್ಲ ಎಂದೇ ನನ್ನ ತಿಳಿವಳಿಕೆ. ನಮ್ಮಲ್ಲೂ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಮೊದಲು ಮುಂಬಯಿಯ ನಾಗಪಾಡಾದ ಬಡ ಬಡಾವಣೆಯಲ್ಲಿ ಕೆಲಸಕ್ಕಿಳಿದರು. ಅವರ ನೇತೃತ್ವದ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ, ಅಂದರೆ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಶುರುವಾದದ್ದು ಆಮೇಲೆ, 1936ರಲ್ಲಿ. ಕರ್ನಾಟಕದಲ್ಲಿ ಮಂಗಳೂರಿನ ಸಮಾಜಕಾರ್ಯ ಶಾಲೆ ರೋಶನಿ ನಿಲಯ 1960ರಲ್ಲಿ ಆರಂಭವಾಯಿತು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಈ ವಿಷಯವನ್ನು ಬೋಧಿಸಿದ, ಕನ್ನಡದಲ್ಲಿ ಅದಕ್ಕೊಂದು ಸಾಹಿತ್ಯ ಕಟ್ಟಿಕೊಟ್ಟ ಎಚ್.ಎಂ. ಮರುಳಸಿದ್ಧಯ್ಯನವರೂ ಹಳ್ಳಿಯನ್ನು ಹತ್ತಿರದಿಂದ ನೋಡಿ ಬರೆದವರೇ. ಹಳ್ಳಿಯೊಂದರ ವೃದ್ಧರನ್ನು ಕುರಿತ ಅವರ ಅಧ್ಯಯನ 1969ರಲ್ಲಿ ಪುಸ್ತಕವಾಯಿತು.

ಕ್ಷೇತ್ರದಾಖಲೆ ಏನನ್ನು ಕಲಿಸಬಲ್ಲದು ಎಂಬುದನ್ನು ಒಂದು ಕಲ್ಪಿತ ಪ್ರಕರಣದಲ್ಲಿ ನೋಡೋಣ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಿಯೋಜಿತಳಾದ ವಿದ್ಯಾರ್ಥಿನಿ ಕ್ಷಯರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವ ಗಾರೆ ಕೆಲಸದವರೊಬ್ಬರನ್ನು ಭೇಟಿಯಾಗುತ್ತಾಳೆ. ಆರು ತಿಂಗಳ ಚಿಕಿತ್ಸೆ; ಎರಡೇ ತಿಂಗಳಿಗೆ ಅವರು ಮಾತ್ರೆ ನಿಲ್ಲಿಸಿದ್ದಾರೆ. ‘ರೋಗಿಗೆ ಅರಿವಿನ ಕೊರತೆ ಇದೆ. ತಿಳಿವಳಿಕೆ ನೀಡಲಾಯಿತು’ ಎಂದು ಆಕೆ ಬರೆಯುತ್ತಾಳೆ. ನಮ್ಮ ವಿಭಾಗಗಳ ಕಪಾಟುಗಳಲ್ಲಿ ಈ ಎರಡು ವಾಕ್ಯಗಳಿಗೆ ಬರವಿಲ್ಲ.

ಇಲ್ಲಿ ಅಧ್ಯಾಪಕರು ಸಹಿ ಹಾಕಿ ಕಳಿಸಿದರೆ ಕಲಿಕೆ ಅಲ್ಲಿಗೇ ನಿಂತಿತು. ಬದಲಿಗೆ ಅವರು ಕೇಳಬೇಕು: ಮಾತ್ರೆ ನಿಲ್ಲಿಸಿದ್ದು ಯಾವಾಗ, ಆ ವಾರ ಏನಾಗಿತ್ತು? ಕೇಂದ್ರ ತೆರೆಯುವುದು ಎಷ್ಟು ಹೊತ್ತಿಗೆ, ಮೇಸ್ತ್ರಿ ಕೆಲಸಕ್ಕೆ ಕರೆಯುವುದು ಎಷ್ಟು ಹೊತ್ತಿಗೆ? ಮನೆಯಲ್ಲಿ ಮಾತಾಡಿದವರು ಯಾರು, ಸುಮ್ಮನಿದ್ದವರು ಯಾರು? ವಿದ್ಯಾರ್ಥಿನಿ ಮತ್ತೆ ಹೋಗುತ್ತಾಳೆ, ಮತ್ತೆ ಬರೆಯುತ್ತಾಳೆ. ಕೆಮ್ಮು ನಿಂತಿದ್ದರಿಂದ ವಾಸಿಯಾಯಿತೆಂದು ಅವರು ತಿಳಿದಿದ್ದರು. ಮಾತ್ರೆಯಿಂದ ಮೂತ್ರ ಕೆಂಪಗೆ ಬರುತ್ತಿದ್ದುದಕ್ಕೆ ಹೆದರಿಯೂ ಇದ್ದರು. ಕೇಂದ್ರಕ್ಕೆ ಹೋದ ದಿನ ಅರ್ಧ ದಿನದ ಕೂಲಿ ಹೋಗುತ್ತದೆ. ಆಶಾ ಕಾರ್ಯಕರ್ತೆ ಮನೆಗೇ ಬಂದರೆ ಕಾಯಿಲೆ ಓಣಿಗೆಲ್ಲ ಗೊತ್ತಾಗಿ ಬಾಡಿಗೆ ಮನೆ ಬಿಡಿಸುತ್ತಾರೆಂಬ ದಿಗಿಲು ಹೆಂಡತಿಗೆ. ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಯೋಜನೆಯಡಿ ಸಿಗಬೇಕಾದ ಹಣ (2018ರಲ್ಲಿ ತಿಂಗಳಿಗೆ 500 ರೂಪಾಯಿ, 2024ರ ನವೆಂಬರಿನಿಂದ 1,000) ಬಂದೇ ಇಲ್ಲ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಲು ವರ್ಷದಲ್ಲಿ 90 ದಿನ ದುಡಿದ ದಾಖಲೆ ಬೇಕು, ಅದನ್ನು ಕೊಡುವವರಿಲ್ಲ.

ಅರಿವಿನ ಕೊರತೆ ಅವರಲ್ಲಿತ್ತು, ನಿಜ. ಆದರೆ ಚಿಕಿತ್ಸೆ ತಪ್ಪಲು ಅದೊಂದೇ ಕಾರಣವಾಗಿರಲಿಲ್ಲ. ಎರಡನೆಯ ದಾಖಲೆಯಲ್ಲಿ ಪಠ್ಯಕ್ರಮದ ಬಹುಭಾಗ ತಾನಾಗಿ ಬಂದು ಕೂತಿದೆ. ಹೆದರಿಕೆಯನ್ನು ಕೇಳಿಸಿಕೊಳ್ಳುವುದು ವ್ಯಕ್ತಿಗತ ಕಾರ್ಯ. ಓಣಿಯ ಕಳಂಕಭಾವವನ್ನು ಎದುರಿಸುವುದು ಸಮುದಾಯ ಸಂಘಟನೆ. ಕೂಲಿ ತಪ್ಪದ ಹೊತ್ತಿನಲ್ಲಿ ಮಾತ್ರೆ ಸಿಗುವಂತೆ ವೈದ್ಯಾಧಿಕಾರಿಯೊಂದಿಗೆ ಮಾತಾಡುವುದು, ನೋಂದಣಿಗಾಗಿ ಬೆನ್ನುಹತ್ತುವುದು ಹಕ್ಕಿನ ಪರವಾದ ಕೆಲಸ. ಫೀಲಿಕ್ಸ್ ಬೀಸ್ಟೆಕ್ 1957ರಲ್ಲಿ ಹೇಳಿದ ಏಳು ತತ್ವಗಳಲ್ಲಿ ಗೋಪ್ಯತೆಯೂ ಒಂದು. ಅದನ್ನು ಬಾಯಿಪಾಠ ಮಾಡಿದವರಿಗಿಂತ ಆ ಹೆಂಡತಿಯ ದಿಗಿಲನ್ನು ಕೇಳಿ ಬಂದವಳಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ.

ಇಷ್ಟು ಎಚ್ಚರ ಬೇಕಾದದ್ದು ಅಂಕಗಳಿಗಾಗಿ ಅಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜಕಾರ್ಯಕರ್ತರಿರಬೇಕು, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಕಲ್ಯಾಣಾಧಿಕಾರಿ ಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತು. ಮನೋವೈದ್ಯಕೀಯ ಸಮಾಜಕಾರ್ಯಕರ್ತರ ವಿದ್ಯಾರ್ಹತೆಯನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಗದಿಪಡಿಸಿದೆ. ಮಗುವಿನ ಭವಿಷ್ಯ, ರೋಗಿಯ ಮನೆಗೆ ಮರಳುವಿಕೆ ಇಂಥ ಸಂಗತಿಗಳು ಒಂದು ವರದಿಯ ಮೇಲೆ ನಿಂತಿರುವಾಗ, ಸವಕಲು ವಾಕ್ಯ ಬರೆದು ರೂಢಿಯಾದ ಕೈಯಿಂದ ಅನ್ಯಾಯವೇ ಆಗುತ್ತದೆ.

ವಾರಕ್ಕೆ ಎರಡು ದಿನ ಕ್ಷೇತ್ರಕಾರ್ಯ ಎಂದು ವೇಳಾಪಟ್ಟಿಯಲ್ಲಿ ಬರೆದರೆ ಸಾಲದು. ಸಂಸ್ಥೆಗಳು ವಿದ್ಯಾರ್ಥಿಗಳನ್ನು ನಮೂನೆ ತುಂಬಲು, ಕಾರ್ಯಕ್ರಮಕ್ಕೆ ಜನ ಸೇರಿಸಲು ಬಳಸಿಕೊಂಡರೆ ವಿಭಾಗ ಅದನ್ನು ಪ್ರಶ್ನಿಸಬೇಕು. ವೈಯಕ್ತಿಕ ಚರ್ಚೆಯ ಗಂಟೆಯನ್ನು ಅಧ್ಯಾಪಕರ ಬೋಧನಾ ಅವಧಿಯಲ್ಲಿ ಲೆಕ್ಕಕ್ಕೆ ಹಿಡಿಯಬೇಕು. ಹಾಗೆ ಹಿಡಿಯದ ಕಡೆ ಅದು ಕಾರಿಡಾರಿನಲ್ಲಿ ಸಹಿ ಹಾಕಿಸಿಕೊಳ್ಳುವ ಕ್ಷಣಕ್ಕೆ ಇಳಿದಿದೆ. ಜನ ಆಡಿದ ಮಾತನ್ನು ಅವರು ಆಡಿದ ಕನ್ನಡದಲ್ಲೇ ದಾಖಲಿಸಲು ವಿದ್ಯಾರ್ಥಿಗೆ ಅವಕಾಶವಿರಬೇಕು. ಸಹೋದ್ಯೋಗಿ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟು: ಮೊದಲ ಸೆಮಿಸ್ಟರಿನ ಯಾವ ವರದಿಗೂ, ಅದನ್ನು ಬರೆದವರನ್ನು ಎದುರು ಕೂರಿಸಿಕೊಂಡು ಮಾತಾಡದೆ ಸಹಿ ಹಾಕಬೇಡಿ.