ಮೋಟಾರಿನ ಗಾಜು: ಬೆಲೆಯ ಹಿಂದಿನ ಕಥೆ

ಕಲಬುರಗಿಯಿಂದ ಕಮಲಾಪುರದ ಮೇಲೆ ಹುಮನಾಬಾದಿಗೆ ಸಾಗುವ ಹೆದ್ದಾರಿಯಲ್ಲಿ, ಲಾರಿಯ ಗಾಲಿಯಿಂದ ಸಿಡಿದ ಒಂದು ಜಲ್ಲಿಕಲ್ಲು ಸಾಕು, ಕಾರಿನ ಮುಂದಿನ ಗಾಜು ಬಿರುಕು ಬಿಡುತ್ತದೆ. ಹೊಸದರ ಬೆಲೆ ಕೇಳಿ ‘ಒಂದು ಗಾಜಿಗೆ ಇಷ್ಟು ಹಣವೆ?’ ಎಂದು ಬೆರಗಾಗುವವರುಂಟು. ಆ ಬೆಲೆಗೊಂದು ಚರಿತ್ರೆಯಿದೆ.

ಮೊದಮೊದಲ ಮೋಟಾರುಗಳಿಗೆ ಕಿಟಕಿಯ ಸಾದಾ ಗಾಜೇ ಗತಿ. ಅಪಘಾತದಲ್ಲಿ ಅದು ಚೂರಿಯಂತೆ ಮುಖ ಸೀಳುತ್ತಿತ್ತು. 1903ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಎದುವಾರ್ ಬೆನೆದಿಕ್ಟಸ್ ಅವರ ಕೈತಪ್ಪಿ ಬಿದ್ದ ಕುಪ್ಪಿಯೊಂದು ಒಡೆದರೂ ಚದುರಲಿಲ್ಲವೆಂದು ಹೇಳುತ್ತಾರೆ; ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆ ಚೂರುಗಳನ್ನು ಹಿಡಿದಿತ್ತು. 1909ರಲ್ಲಿ ಅವರು ಪೇಟೆಂಟು ಪಡೆದರು. ಇಂದಿಗೂ ಈ ಗಾಜೆಂದರೆ ಎರಡು ಹಾಳೆ, ನಡುವೆ ಪ್ಲಾಸ್ಟಿಕ್ ಪದರ. ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಇದನ್ನೇ ವಿಧಿಸಿದವು.

ಅಂಬಾಸಡರ್ ಕಾರಿನ ಗಾಜನ್ನು ರಬ್ಬರ್ ಪಟ್ಟಿಯಲ್ಲಿ ಕೂರಿಸುತ್ತಿದ್ದರು. ಇಂದಿನ ಅಗಲವಾದ, ಬಾಗಿದ ಗಾಜನ್ನು ಅಂಟಿನಿಂದ ಚೌಕಟ್ಟಿಗೆ ಬೆಸೆಯಬೇಕು. ಅಂಟು ಬಿಗಿಯುವ ತನಕ ಗಾಡಿ ಕದಲಬಾರದು. ಗಾಜಿನ ಹಿಂದೆ ಕ್ಯಾಮೆರಾ ಇದ್ದರೆ ಅದನ್ನು ಮತ್ತೆ ಹೊಂದಿಸುವ ಖರ್ಚು ಬೇರೆ. ಸಮಗ್ರ ವಿಮೆಯಿದ್ದರೆ ಹೊರೆ ಇಳಿದೀತು. ಗಾಯ ಚಿಕ್ಕದಿದ್ದಾಗಲೇ ರಾಳ ತುಂಬಿಸಿದರೆ ಗಾಜೇ ಉಳಿದೀತು. ಅಗ್ಗವೆಂದು ಪದರವಿಲ್ಲದ ಗಾಜು ಹಾಕಿಸುವುದು ಮಾತ್ರ ಸಲ್ಲದು. ಉಳಿಸಿದ ಹಣಕ್ಕಿಂತ ಕಣ್ಣು ದೊಡ್ಡದಲ್ಲವೆ?